ಅಕ್ವೇರಿಯಂ ಅಂಗಡಿ ಮುಚ್ಚಿಬಿಡ್ಲಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ಡೊಂಬಿವಲಿ ಈಸ್ಟಲ್ಲಿ ನಂದು ಅಕ್ವೇರಿಯಂ ಅಂಗಡಿ, 27 ವರ್ಷ ಆಯ್ತು. ಊರು ಕುಂದಾಪುರದ ಹತ್ರ. ಮೊದಲು ಹೋಟ್ಲಲ್ಲಿ ಕೆಲಸಕ್ಕಿದ್ದೆ, ಆಮೇಲೆ ಒಬ್ಬರ ಹತ್ರ ಗಾಜು ಕೊಯ್ಯೋದು, ಟ್ಯಾಂಕ್ ಅಂಟಿಸೋದು ಕಲಿತು ಸ್ವಂತ ಶುರು ಮಾಡ್ದೆ. 2005ರ ಜುಲೈ ಮಳೆಗೆ ಅಂಗಡಿ ಒಳಗೆ ಎದೆಮಟ್ಟ ನೀರು ಬಂದು ಎಲ್ಲಾ ಹೋಯ್ತು, ಆಗಲೂ ಮುಚ್ಚಿಲ್ಲ. ಈಗ ಎರಡು ಮೂರು ವರ್ಷದಿಂದ ಗಿರಾಕಿ ಬರ್ತಾರೆ, ಅರ್ಧ ಗಂಟೆ ನಿಂತು ಎಲ್ಲಾ ಕೇಳ್ತಾರೆ, ಫಿಲ್ಟರ್ ಬಾಕ್ಸಿನ ಫೋಟೋ ಹೊಡ್ಕೋತಾರೆ, ನಮ್ಮೆದುರಿಗೇ ಮೊಬೈಲಲ್ಲಿ ರೇಟ್ ತೆಗೆದು 'ಇಲ್ಲಿ 690 ಇದೆ, ನೀವು 950 ಹೇಳ್ತೀರಲ್ಲಾ' ಅಂತಾರೆ. ನನಗೆ ಹೋಲ್‌ಸೇಲಲ್ಲೇ 720ಕ್ಕೆ ಬೀಳೋ ಮಾಲು ಅದು. ಒಂದೊಂದು ದಿನ ಮಧ್ಯಾಹ್ನ ಆದ್ರೂ ಬೋಣಿ ಆಗಲ್ಲ. ಮಗ ಹೇಳ್ತಾನೆ, ಅಪ್ಪಾ ಮೀನೆಲ್ಲಾ ತೆಗೆದುಬಿಡು, ಮೊಬೈಲ್ ಕವರ್ ಅಂಗಡಿ ಮಾಡೋಣ ಅಂತ. ನಾನೇನ್ಮಾಡ್ಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಅಣ್ಣಾ, ನಿಮ್ಮ ಕಾಗದ ಎರಡು ಸಲ ಓದಿದೆ. ಆ ಜುಲೈ 26ಕ್ಕೆ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿದ್ದಿದ್ದು, ಕಲ್ಯಾಣ್ ಡೊಂಬಿವಲಿ ಕಡೆ ಉಲ್ಲಾಸ್ ನದಿ ಉಕ್ಕಿ ಬಂದಿದ್ದು, ಆ ವಾರ ನೋಡಿದವರು ಯಾರೂ ಮರೆಯಲ್ಲ, ಅದನ್ನ ದಾಟಿ ಬಂದ ಅಂಗಡಿಯನ್ನ 260 ರೂಪಾಯಿ ವ್ಯತ್ಯಾಸ ಮುಚ್ಚಿಸ್ತಿದೆ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಮೊದಲು ಒಂದು ಮಾತು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಫಿಲ್ಟರ್ ಬಾಕ್ಸಿನ ರೇಟಲ್ಲಿ ನೀವು ಗೆಲ್ಲಲ್ಲ, ಈ ವರ್ಷ ಗೆಲ್ಲಲ್ಲ, ಮುಂದಿನ ವರ್ಷಾನೂ ಗೆಲ್ಲಲ್ಲ. ಆನ್‌ಲೈನಲ್ಲಿ ಮಾರೋರು ಒಂದೇ ಸಲಕ್ಕೆ ನೂರಾರು ಕಾರ್ಟನ್ ಎತ್ತುತ್ತಾರೆ, ಊರಾಚೆ ಗೋಡೌನಲ್ಲಿ ಇಡ್ತಾರೆ, ಬಾಕ್ಸಲ್ಲಿರೋ ಫಿಲ್ಟರಿಗೆ ಕರೆಂಟ್ ಬೇಡ, ಊಟ ಬೇಡ, ಅದು ಸಾಯೋದೂ ಇಲ್ಲ. ನಿಮ್ಮಲ್ಲಿ ಟ್ಯಾಂಕುಗಳಿಗೆ ಗಾಳಿ ಊದೋ ಬ್ಲೋವರ್ 24 ಗಂಟೆ ತಿರುಗಬೇಕು, ಅಂಗಡಿ ಮೀಟರಿನ ರೇಟಲ್ಲಿ ಬಿಲ್ ಕಟ್ಟಬೇಕು, ಚೆನ್ನೈಯ ಕೊಳತ್ತೂರಿಂದಲೋ ಕೋಲ್ಕತ್ತದಿಂದಲೋ ಬಂದ ಥರ್ಮಾಕೋಲ್ ಡಬ್ಬಿ ಬಿಚ್ಚಿದಾಗ ತಳದಲ್ಲಿ ಮಲಗಿರೋ ಮೀನಿನ ಲೆಕ್ಕಾನೂ ನಿಮ್ಮದೇ. ಇಷ್ಟು ಖರ್ಚನ್ನೂ ನೀವು ಇಷ್ಟು ವರ್ಷ ಬಾಕ್ಸ್ ಮಾಲಿನ ಲಾಭದಲ್ಲಿ ತುಂಬಿಸ್ಕೊಂಡು ಬಂದ್ರಿ, ಮೀನು ಕಮ್ಮಿಗೆ ಕೊಟ್ರಿ, ಸಲಹೆ ಪುಕ್ಕಟೆ ಕೊಟ್ರಿ, ಫಿಲ್ಟರ್ ಲೈಟ್ ಹೀಟರಲ್ಲಿ ನಾಲ್ಕು ಕಾಸು ಮಾಡಿದ್ರಿ. ಆ ನಾಲ್ಕು ಕಾಸು ಹೋಯ್ತು. ಹಾಗಿದ್ರೆ ಪುಕ್ಕಟೆ ಕೊಡ್ತಿದ್ದದ್ದಕ್ಕೇ ದುಡ್ಡು ಕೇಳಬೇಕು, ಬೇರೆ ದಾರಿ ನನಗಂತೂ ಕಾಣ್ತಿಲ್ಲ.

ಪುಕ್ಕಟೆ ಏನು ಕೊಡ್ತಿದ್ರಿ ಅಂತ ನಿಮಗೇ ಗೊತ್ತಿಲ್ವೇನೋ ಅನ್ಸುತ್ತೆ, ಅದಕ್ಕೆ ನಾನೇ ಕಣ್ಣಾರೆ ನೋಡಿದ್ದು ಹೇಳ್ತೀನಿ. ಹೋದ ಮಳೆಗಾಲದಲ್ಲಿ ಮುಲುಂಡಿನ ಒಂದು ಸಣ್ಣ ಅಂಗಡೀಲಿ ನಿಂತಿದ್ದೆ, ಕಾಲೇಜು ಹುಡುಗ ಒಬ್ಬ ಓಡಿಬಂದ, ಮೊಬೈಲಲ್ಲಿ ವಿಡಿಯೋ, ಮೀನೆಲ್ಲಾ ಮೇಲಕ್ಕೆ ಬಂದು ಬಾಯಿ ಬಡೀತಿವೆ, 'ಅಂಕಲ್ ಔಷಧ ಕೊಡಿ'. ಅಂಗಡಿಯವರು ಔಷಧದ ಬಾಟ್ಲಿ ಮುಟ್ಟಲೇ ಇಲ್ಲ. 'ಈ ವಾರ ಏನು ಬದಲು ಮಾಡಿದ್ದಿ?' ಅಂದ್ರು. ಏನೂ ಇಲ್ಲ ಅಂದ ಹುಡುಗ. 'ಏನೂ ಇಲ್ವಾ, ಸರಿಯಾಗಿ ನೆನಪು ಮಾಡ್ಕೋ'. ಆಮೇಲೆ ಬಾಯ್ಬಿಟ್ಟ, ಫಿಲ್ಟರ್ ತುಂಬಾ ಗಲೀಜಾಗಿತ್ತು ಅಂತ ಸ್ಪಂಜನ್ನ ನಲ್ಲಿ ಕೆಳಗೆ ಹಿಡಿದು ಹಿಂಡಿ ಹಿಂಡಿ ಬೆಳ್ಳಗೆ ಮಾಡಿದ್ನಂತೆ. ಅಲ್ಲಿಗೆ ಮುಗೀತು. ಮೀನು ಬಿಡೋ ಅಮೋನಿಯಾವನ್ನ ನೈಟ್ರೈಟ್ ಮಾಡಿ, ಅದನ್ನ ಮತ್ತೆ ಅಷ್ಟೊಂದು ಅಪಾಯ ಇಲ್ಲದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಇರೋದೇ ಆ ಗಲೀಜು ಸ್ಪಂಜಲ್ಲಿ, ಹೊಸ ಟ್ಯಾಂಕಲ್ಲಿ ಅದು ಕೂರೋಕೆ 4ರಿಂದ 6 ವಾರ ಬೇಕು, ಮಳೆಗಾಲದ ನಲ್ಲಿ ನೀರಿನ ಕ್ಲೋರಿನ್ನು ಐದು ನಿಮಿಷದಲ್ಲಿ ಅದನ್ನ ಹಾಳು ಮಾಡಿತ್ತು. ಅಂಗಡಿಯವರು ತಮ್ಮ ಹಳೇ ಟ್ಯಾಂಕಿಗೆ ಕೈ ಹಾಕಿ, ಕಪ್ಪಗೆ ಲೋಳೆ ಹಿಡಿದ ಒಂದು ಸ್ಪಂಜ್ ಫಿಲ್ಟರ್ ಕಿತ್ತು, ಹಿಂಡದೇ ಹಾಗೇ ಅದೇ ನೀರಿನ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ, 'ಓಡು, ಇದನ್ನ ಏರ್ ಪಂಪಿಗೆ ಸಿಕ್ಕಿಸಿ ಬಿಡು, ಮೂರನೇ ಒಂದು ಭಾಗ ನೀರು ಬದಲು ಮಾಡು, ಆಂಟಿ ಕ್ಲೋರಿನ್ ಹಾಕಿದ ನೀರೇ ಹಾಕು, ಎರಡು ದಿನ ಊಟ ಹಾಕಬೇಡ' ಅಂದ್ರು. ಹುಡುಗ ದುಡ್ಡೆಷ್ಟು ಅಂದ. 'ಇರ್ಲಿ ಬಿಡು' ಅಂದ್ರು.

ನನಗೆ ತಡೀಲಿಕ್ಕಾಗದೇ ಅಲ್ಲೇ ಹೇಳಿದೆ, ಇದಕ್ಕೆ 150 ರೂಪಾಯಿ ತಗೊಳ್ಳಿ ಅಂತ. ಆ ಸ್ಪಂಜನ್ನ ಯಾವ ಕೊರಿಯರೂ ಅರ್ಧ ಗಂಟೇಲಿ ತಂದು ಕೊಡಲ್ಲ, ಆ ಪ್ರಶ್ನೆ ಯಾವ ಮೊಬೈಲೂ ಕೇಳಲ್ಲ.

ಈಗ ನಿಮ್ಮ ಅಂಗಡಿ ವಿಷಯಕ್ಕೆ ಬರೋಣ. ಬಾಕ್ಸ್ ಮಾಲು ಎರಡೋ ಮೂರೋ ಮಾಡೆಲ್ ಮಾತ್ರ ಇಡಿ, ಯಾವುದರ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳೋ ರೆಕ್ಕೆ), ಸಕ್ಷನ್ ಕಪ್, ವಾಷರ್ ನಿಮ್ಮ ಹತ್ರ ಯಾವಾಗ್ಲೂ ಇರುತ್ತೋ ಅಷ್ಟೇ. ಆನ್‌ಲೈನಲ್ಲಿ ತಗೊಂಡವರ ಫಿಲ್ಟರೂ ಆರು ತಿಂಗಳಿಗೆ ಗುರ್ ಅನ್ನುತ್ತೆ, ಆಗ ಅವರು ಬರೋದು ನಿಮ್ಮ ಹತ್ರಾನೇ, ಆಗ ಮುಖ ಸಿಂಡರಿಸದೇ ರಿಪೇರಿ ಮಾಡಿ, ಮಜೂರಿ ತಗೊಳ್ಳಿ. 'ಎಲ್ಲಿ ತಗೊಂಡ್ರೋ ಅಲ್ಲೇ ಹೋಗಿ' ಅಂತ ಸಿಟ್ಟಲ್ಲಿ ಕಳಿಸೋ ಅಂಗಡಿಯವರನ್ನ ತುಂಬಾ ನೋಡಿದ್ದೀನಿ, ಅವರ ಸಿಟ್ಟು ಅರ್ಥ ಆಗುತ್ತೆ, ಆದರೆ ಆ ಗಿರಾಕಿ ಮತ್ತೆ ಆ ಮೆಟ್ಲು ಹತ್ತಲ್ಲ.

ಗಾಜು ಕೊಯ್ಯೋದು ಕಲಿತಿದ್ದೀನಿ ಅಂದ್ರಲ್ಲ, ಅದು ನಿಮ್ಮ ಕೈಯಲ್ಲಿರೋ ಬಂಗಾರ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಲ್ಲಿ ಸುಮಾರು 56 ಲೀಟರ್ ನೀರು, ಅಂದ್ರೆ ನೀರೇ 56 ಕೆಜಿ, ಗಾಜು ಮರಳು ಬೇರೆ. ಇದನ್ನ ಒನ್ ರೂಂ ಕಿಚನ್ ಮನೇಲಿ ಯಾವ ಗೋಡೆ ಪಕ್ಕ ಇಡಬೇಕು, ಯಾವ ಕಪಾಟಿನ ಮೇಲೆ ಇಟ್ರೆ ಬಗ್ಗುತ್ತೆ, ಕಿಟಕಿ ಬಿಸಿಲು ಬಿದ್ರೆ ಎಷ್ಟು ಬೇಗ ಪಾಚಿ ಹಿಡಿಯುತ್ತೆ, ಇದೆಲ್ಲಾ ಮನೆಗೆ ಬಂದು ನೋಡಿದವನಿಗೆ ಮಾತ್ರ ಗೊತ್ತು. ನಮ್ಮ ಮುಂಬೈ ಮನೆಗಳಲ್ಲಿ ರೆಡಿಮೇಡ್ ಸೈಜು ಕೂರೋದೇ ಅಪರೂಪ, ಫ್ರಿಜ್ಜಿಗೂ ಬಾಗಿಲಿಗೂ ಮಧ್ಯೆ 22 ಇಂಚು ಜಾಗ ಇದೆ ಅಂದ್ರೆ 22 ಇಂಚಿಗೇ ಮಾಡಿಕೊಡಬೇಕು. ಅಳತೆ ತಗೊಂಡು ಮಾಡಿಕೊಡ್ತೀನಿ ಅಂತ ದೊಡ್ಡದಾಗಿ ಬೋರ್ಡ್ ಹಾಕಿ.

ಮನೆಗೆ ಹೋಗಿ ಟ್ಯಾಂಕ್ ಕ್ಲೀನ್ ಮಾಡೋ ಕೆಲಸ ನೀವು ಮಾಡ್ತೀರೋ ಇಲ್ವೋ ಬರೆದಿಲ್ಲ. ಮಾಡ್ತಿಲ್ಲ ಅಂದ್ರೆ ನಾಳೆಯಿಂದ ಶುರು ಮಾಡಿ, ಮಗನನ್ನ ಇದಕ್ಕೆ ಹಚ್ಚಿ. ಡೆಂಟಿಸ್ಟ್ ಕ್ಲಿನಿಕ್, ಆಫೀಸ್ ರಿಸೆಪ್ಷನ್, ನಮ್ಮವರದೇ ಹೋಟ್ಲುಗಳು, ಎಷ್ಟು ಕಡೆ ಟ್ಯಾಂಕ್ ಇದ್ದೂ ನೋಡ್ಕೊಳ್ಳೋರಿಲ್ದೇ ಹಸಿರು ನೀರು ನಿಂತಿರುತ್ತೆ. ತಿಂಗಳಿಗೆ ಎರಡು ಸಲ ಹೋದ್ರೆ ಸಾಕು, ತಿಂಗಳ ದುಡ್ಡು ಫಿಕ್ಸ್. ಇನ್ನೊಂದು ಈ ಊರಿನ ಕನ್ನಡದವರಿಗೇ ಸೇರಿದ್ದು: ಮೇ ತಿಂಗಳು ಬಂತು ಅಂದ್ರೆ ಅರ್ಧ ಬಿಲ್ಡಿಂಗು ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುತ್ತೆ, ಮೂರು ವಾರ ಮನೆ ಬೀಗ. ಮೀನಿಗೆ ಯಾರು ಊಟ ಹಾಕ್ತಾರೆ? ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗ್ತಾರೆ, ಅವರು ಪ್ರೀತೀಲಿ ಒಂದು ಮುಷ್ಟಿ ಹಾಕ್ತಾರೆ, ನೀರು ಕೊಳೆಯುತ್ತೆ, ವಾಪಸ್ ಬರೋವಷ್ಟರಲ್ಲಿ ಟ್ಯಾಂಕ್ ಖಾಲಿ. ಎರಡು ದಿನಕ್ಕೊಮ್ಮೆ ಹೋಗಿ ಊಟ ಹಾಕಿ, ನೀರಿನ ಮಟ್ಟ ನೋಡಿ, ಒಂದು ಫೋಟೋ ವಾಟ್ಸಾಪ್ ಮಾಡ್ತೀನಿ ಅನ್ನಿ, ಜನ ಖುಷಿಯಿಂದ ಕೊಡ್ತಾರೆ.

ಒಂದು ವಿಷಯ ಮಾತ್ರ ನೀವೂ ಸರಿ ಮಾಡ್ಕೋಬೇಕು. ಟ್ಯಾಂಕ್ ಕೊಟ್ಟ ದಿನವೇ ಹತ್ತು ಮೀನು ಹಾಕಿ ಕಳಿಸೋದು, ಮಕ್ಕಳಿಗೆ ಗೋಲ್ಡ್‌ಫಿಶ್ ಬೌಲಲ್ಲಿ ಕೊಡೋದು, ಹೆಸರೇ ಇಲ್ಲದ ಬಾಟ್ಲೀಲಿ ನೀಲಿ ಔಷಧ ಕೊಡೋದು, ಇದನ್ನ ಎಷ್ಟೋ ಅಂಗಡಿಗಳು ವರ್ಷಗಟ್ಟಲೆ ಮಾಡಿವೆ, ಮೀನು ಸತ್ರೆ ಮತ್ತೆ ಬಂದು ತಗೋತಾರೆ ಅನ್ನೋ ಲೆಕ್ಕದಲ್ಲಿ. ಜನ ಮತ್ತೆ ಬರಲಿಲ್ಲ, ಹವ್ಯಾಸಾನೇ ಬಿಟ್ರು. ಬೌಲಲ್ಲಿ ಮೀನು ಇಡಬಾರದು ಅಂತ 2017ರಲ್ಲಿ ಕೇಂದ್ರ ಸರ್ಕಾರ ನಿಯಮಾನೇ ತಂದಿತ್ತು, ಆಮೇಲೆ ಹಿಂದಕ್ಕೆ ತಗೊಂಡ್ರು, ನಿಯಮ ಇರ್ಲಿ ಬಿಡ್ಲಿ ಗೋಲ್ಡ್‌ಫಿಶ್ ಬೌಲಲ್ಲಿ ಬದುಕಲ್ಲ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸ ಲಾಟ್ ಬಂದ ಟ್ಯಾಂಕಿಗೆ 'ಸೋಮವಾರ ಬಂದಿದ್ದು, ಮುಂದಿನ ಸೋಮವಾರದಿಂದ ಮಾರಾಟ' ಅಂತ ಚೀಟಿ ಅಂಟಿಸಿ. ಗಿರಾಕಿ ಎದುರಿಗೇ ಊಟ ಹಾಕಿ ತೋರಿಸಿ, ತಿನ್ನೋ ಮೀನೇ ಕೊಡಿ. ಇದಕ್ಕೆ ಹತ್ತು ರೂಪಾಯಿ ಜಾಸ್ತಿ ಹೇಳಿ, ಧೈರ್ಯವಾಗಿ ಹೇಳಿ.

ಬಾಡಿಗೆ ವಿಷಯ ನೀವು ಬರೆದಿಲ್ಲ. ಪಗಡಿ ಜಾಗ, ಅಂದ್ರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಮ್ಮಿ ಬಾಡಿಗೆಗೆ ಹಿಡಿದ ಜಾಗ ಆಗಿದ್ರೆ ಉಸಿರಾಡೋಕೆ ಟೈಮ್ ಇದೆ. ತಿಂಗಳ ಬಾಡಿಗೆ ಕಟ್ಟೋ ಜಾಗ ಆಗಿದ್ರೆ ಒಂದು ಪುಸ್ತಕದಲ್ಲಿ ಆರು ತಿಂಗಳು ಬರೀರಿ, ಮೀನು, ಟ್ಯಾಂಕ್, ಮನೆ ಸರ್ವಿಸ್ ಈ ಮೂರರಿಂದ ಬಂದದ್ದು ಮಾತ್ರ, ಬಾಕ್ಸ್ ಮಾಲು ಬಿಟ್ಟು. ಅದು ಬಾಡಿಗೆ ಮತ್ತು ಕರೆಂಟ್ ದಾಟ್ತಾ ಇದ್ರೆ ಅಂಗಡಿ ಉಳಿಯುತ್ತೆ. ದಾಟದೇ ಇದ್ರೆ ಮೇನ್ ರೋಡ್ ಬಿಟ್ಟು ಒಳಗಲ್ಲೀಲಿ ಸಣ್ಣ ಗಾಳಾ (ಅಂಗಡಿ ಕೋಣೆ) ನೋಡಿ, ನಿಮ್ಮನ್ನ ಹುಡುಕಿಕೊಂಡು ಬರೋರಿಗೆ ಗಲ್ಲಿ ದೂರ ಆಗಲ್ಲ. ಮೊಬೈಲ್ ಕವರ್ ಅಂಗಡಿ ಮಾತ್ರ ಬೇಡ, ಅದೂ ಆನ್‌ಲೈನಲ್ಲಿ 99 ರೂಪಾಯಿಗೆ ಸಿಗ್ತಿದೆ ಅಂತ ಮಗನಿಗೆ ಹೇಳಿ.

ಪ್ರಶ್ನೆ: ನಾನು ಆನ್‌ಲೈನಲ್ಲೇ ತಗೊಳ್ಳೋದು, ಮಧ್ಯಮ ವರ್ಗದವರು ನಾವು, 300 ರೂಪಾಯಿ ಉಳಿದ್ರೆ ಅದು ದುಡ್ಡೇ. ಆದರೆ ನಮ್ಮ ಬಿಲ್ಡಿಂಗ್ ಕೆಳಗಿನ ಅಂಗಡಿಯಣ್ಣನ್ನ ನೋಡಿದಾಗ ಏನೋ ತಪ್ಪು ಮಾಡ್ತಿದ್ದೀನಿ ಅನ್ಸುತ್ತೆ. ತಪ್ಪಾ?
– ಗೃಹಿಣಿ, ಘಾಟ್ಕೋಪರ್

ಉತ್ತರ: ಕಮ್ಮಿ ಬೆಲೆಗೆ ತಗೊಳ್ಳೋದು ತಪ್ಪಲ್ಲ ಅಕ್ಕಾ. ಹೀಟರ್, ಲೈಟ್ ಇಂಥದ್ದೆಲ್ಲಾ ಎಲ್ಲಿ ಅಗ್ಗವೋ ಅಲ್ಲಿ ತಗೊಳ್ಳಿ. ಅಂಗಡಿಯವರ ಹತ್ರ ಅರ್ಧ ಗಂಟೆ ಕೇಳಿ ತಿಳ್ಕೊಂಡು, ಮನೆಗೆ ಬಂದು ಅದನ್ನೇ ಬೇರೆ ಕಡೆ ಆರ್ಡರ್ ಮಾಡ್ತೀವಲ್ಲ, ತಪ್ಪು ಅಂದ್ರೆ ಅದು, ನಿಮಗೂ ಮನಸ್ಸಲ್ಲಿ ಚುಚ್ಚುತ್ತಿರೋದು ಅದೇ ಇರಬೇಕು. ಅವರ ಹತ್ರ ಕೇಳಿದ್ರೆ ಅವರ ಹತ್ರ ಏನಾದ್ರೂ ತಗೊಳ್ಳಿ, ಮೀನು, ಗಿಡ, ಊಟ. ಊಟದ ವಿಷಯ ಬಂತು ಅಂತ ಹೇಳ್ತೀನಿ, ಆನ್‌ಲೈನಲ್ಲಿ ಅರ್ಧ ಬೆಲೆಗೆ ಸಿಗೋ ದೊಡ್ಡ ಡಬ್ಬಿ ಬಂದಾಗ ಮೊದಲು ಎಕ್ಸ್‌ಪೈರಿ ತಾರೀಖು ನೋಡಿ, ಎಷ್ಟೋ ಸಲ ಎರಡೇ ತಿಂಗಳು ಉಳಿದಿರುತ್ತೆ, 2 ಅಡಿ ಟ್ಯಾಂಕಿನ ಮೀನಿಗೆ ಒಂದು ಕೆಜಿ ಊಟ ವರ್ಷ ಆದ್ರೂ ಮುಗಿಯಲ್ಲ, ಮುಚ್ಚಳ ತೆಗೆದ ಮೇಲೆ ಈ ಊರಿನ ತೇವಕ್ಕೆ ಬೂಸಲು ಹಿಡಿಯುತ್ತೆ. ಹಾಗೇ ಅಂಗಡೀಲಿ ಡಬ್ಬಿಯಿಂದ ತೂಗಿ ಪೊಟ್ಟಣ ಕಟ್ಟಿ ಕೊಡೋ ಊಟವೂ ಬೇಡ, ಅದು ಯಾವಾಗ ಒಡೆದದ್ದೋ ಯಾರಿಗೆ ಗೊತ್ತು. ಸಣ್ಣ ಡಬ್ಬಿ, ಸೀಲ್ ಇರೋದು.

ಪ್ರಶ್ನೆ: ಆನ್‌ಲೈನಲ್ಲಿ ನಿಯಾನ್ ಟೆಟ್ರಾ 20 ತರಿಸಿದ್ದೆ. ಎರಡು ದಿನ ಪ್ರಯಾಣ. ಡಬ್ಬಿ ಬಿಚ್ಚಿದಾಗ ಎಲ್ಲಾ ಜೀವಂತ ಇದ್ವು. ಯಾವಾಗ್ಲೂ ಮಾಡೋ ಹಾಗೆ ಚೀಲ ಬಿಚ್ಚಿ, ನಮ್ಮ ಟ್ಯಾಂಕಿನ ನೀರು ಸ್ವಲ್ಪ ಸ್ವಲ್ಪ ಹಾಕ್ತಾ ಒಂದೂವರೆ ಗಂಟೆ ಬಿಟ್ಟು ಒಳಗೆ ಬಿಟ್ಟೆ. ಬೆಳಿಗ್ಗೆಗೆ 13 ಸತ್ತಿದ್ವು. ಕಂಪನಿಯವರು ಬಿಚ್ಚೋವಾಗ ಸತ್ತಿದ್ರೆ ಮಾತ್ರ ದುಡ್ಡು ವಾಪಸ್, ವಿಡಿಯೋ ಕಳಿಸಿ ಅಂತಾರೆ. ನನ್ನ ತಪ್ಪೇನು?
– ಓದುಗ, ವಾಶಿ

ಉತ್ತರ: ಓದಿ ತುಂಬಾ ಬೇಜಾರಾಯ್ತು, ಯಾಕಂದ್ರೆ ನೀವು ಕಾಳಜಿಯಿಂದ ಮಾಡಿದ್ದೇ ಅವಕ್ಕೆ ಮುಳುವಾಗಿದೆ. ಎರಡು ದಿನ ಕಟ್ಟಿದ ಚೀಲದಲ್ಲಿ ಮೀನು ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತೆ, ಅದರಿಂದ ನೀರಿನ ಪಿಎಚ್ ಇಳಿಯುತ್ತೆ, ಅಂದ್ರೆ ನೀರಲ್ಲಿ ಹುಳಿ ಅಂಶ ಜಾಸ್ತಿ ಆಗುತ್ತೆ. ಜೊತೆಗೆ ಮೀನು ಬಿಟ್ಟ ಅಮೋನಿಯಾನೂ ಅಲ್ಲೇ ಸೇರ್ತಾ ಇರುತ್ತೆ, ಆದರೆ ಪಿಎಚ್ ಕಮ್ಮಿ ಇರೋವರೆಗೂ ಅದು ಅಮೋನಿಯಂ ರೂಪದಲ್ಲಿರುತ್ತೆ, ಅಷ್ಟು ವಿಷ ಅಲ್ಲ. ನೀವು ಗಂಟು ಬಿಚ್ಚಿದ ಕ್ಷಣದಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗ್ತಾ ಬರುತ್ತೆ, ಪಿಎಚ್ ಏರುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ, ನಿಮ್ಮ ಟ್ಯಾಂಕಿನ ನೀರು ಸೇರಿಸಿದಷ್ಟೂ ಇನ್ನೂ ಬೇಗ. ಆ ನೀರಲ್ಲಿ ಒಂದೂವರೆ ಗಂಟೆ ಇದ್ದರೆ ಕಿವಿರು ಸುಟ್ಟ ಹಾಗೇ.

ದೂರದಿಂದ ಬಂದ ಚೀಲಕ್ಕೆ ದಾರಿ ಬೇರೆ. ಬಿಚ್ಚದೇ ಹಾಗೇ ಟ್ಯಾಂಕಿನ ನೀರ ಮೇಲೆ 15-20 ನಿಮಿಷ ತೇಲಿಬಿಡಿ, ಬಿಸಿ ತಂಪು ಒಂದಾಗ್ಲಿ, ಲೈಟ್ ಆಫ್ ಇರ್ಲಿ. ಆಮೇಲೆ ಕತ್ತರಿಸಿ, ಬಲೇಲಿ ಮೀನು ಮಾತ್ರ ಎತ್ತಿ ತಕ್ಷಣ ಟ್ಯಾಂಕಿಗೆ, ಚೀಲದ ನೀರು ಒಂದು ತೊಟ್ಟೂ ಬೀಳದ ಹಾಗೆ. ಮನೆ ಪಕ್ಕದ ಅಂಗಡಿಯಿಂದ ಅರ್ಧ ಗಂಟೇಲಿ ತಂದ ಮೀನಿಗೆ ಮಾತ್ರ ನೀವು ಮಾಡಿದ ಹಾಗೆ ನಿಧಾನಕ್ಕೆ ನೀರು ಸೇರಿಸ್ತಾ ಬಿಡಬಹುದು, ಅಷ್ಟು ಹೊತ್ತಲ್ಲಿ ಚೀಲದಲ್ಲಿ ಅಮೋನಿಯಾ ಕೂಡಿರಲ್ಲ.

ದುಡ್ಡಿನ ವಿಷಯ. ಆರ್ಡರ್ ಮಾಡೋ ಮುಂಚೆನೇ ಅವರ ಷರತ್ತು ಓದಿ, ಎಷ್ಟು ಗಂಟೆ ಒಳಗೆ ಹೇಳಬೇಕು, ವಿಡಿಯೋ ಹೇಗಿರಬೇಕು, ಕೊರಿಯರ್ ಖರ್ಚು ವಾಪಸ್ ಕೊಡ್ತಾರಾ. ಬಿಚ್ಚಿದ ಮೇಲೆ ಸತ್ತದ್ದಕ್ಕೆ ಸಾಮಾನ್ಯವಾಗಿ ಏನೂ ಸಿಗಲ್ಲ, ನಿಮಗೂ ಸಿಗೋದು ಕಷ್ಟ. ನನ್ನ ಅಭಿಪ್ರಾಯ ಕೇಳಿದ್ರೆ ಜೀವ ಇರೋದನ್ನ ಕಣ್ಣಲ್ಲಿ ನೋಡಿ ತಗೊಳ್ಳಿ. ನಾನು ಹುಡುಗನಾಗಿದ್ದಾಗ ಅಪ್ಪ ತಾರಾಪೋರೆವಾಲಾ ಅಕ್ವೇರಿಯಂ ತೋರಿಸಿ, ವಾಪಸ್ ಬರೋವಾಗ ಕ್ರಾಫರ್ಡ್ ಮಾರ್ಕೆಟಿಂದ ನಾಲ್ಕು ಗಪ್ಪಿ ಕೊಡಿಸಿದ್ರು, ಲೋಕಲ್ಲಲ್ಲಿ ಆ ರಶ್ಶಲ್ಲಿ ಚೀಲಾನ ಎದೆಗೆ ಒತ್ತಿ ಹಿಡ್ಕೊಂಡು ಬಂದಿದ್ದೆ. ಮಾರ್ಕೆಟ್ಟಲ್ಲಿ ಆ ಮುದುಕ ನನಗೆ ಹೇಳಿಕೊಟ್ಟದ್ದು ಈಗಲೂ ಹಾಗೇ ಮಾಡ್ತೀನಿ: ರೆಕ್ಕೆ ಮಡಿಚಿಕೊಂಡದ್ದು ಬೇಡ, ಮೂಲೆ ಹಿಡಿದದ್ದು ಬೇಡ, ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಇರೋ ಒಂದೇ ಒಂದು ಮೀನು ಕಂಡ್ರೂ ಆ ಟ್ಯಾಂಕಿಂದ ಯಾವುದೂ ಬೇಡ, ಕೈ ತಂದಾಗ ಮುಂದೆ ಓಡಿ ಬರೋದನ್ನ ಹಿಡಿಸು.

ಪ್ರಶ್ನೆ: ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ. ಮನೇಲಿ ಒಂದು ಆಸ್ಕರ್, ಹತ್ತು ಇಂಚು ಆಗಿದೆ, ಒಂದು ಸಕ್ಕರ್ ಫಿಶ್, ಅದೂ ದೊಡ್ಡದು. ಆನ್‌ಲೈನಲ್ಲಿ ತರಿಸಿದಾಗ ಎರಡು ಇಂಚಿದ್ವು, ಇಷ್ಟು ದೊಡ್ಡದಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಪವಾಯಿ ಕೆರೆಗೆ ಬಿಟ್ಟುಬಿಡ್ಲಾ, ಆರಾಮಾಗಿ ಬದುಕ್ತಾವಲ್ಲ?
– ಓದುಗ, ಅಂಧೇರಿ

ಉತ್ತರ: ದಯವಿಟ್ಟು ಬೇಡ. ಎರಡೂ ದಕ್ಷಿಣ ಅಮೆರಿಕದ ಮೀನು. ಆ ಸಕ್ಕರ್ ಇದೆಯಲ್ಲ, ಮೈಮೇಲೆ ಕವಚ ಇರೋದ್ರಿಂದ ಅದನ್ನ ತಿನ್ನೋರು ನಮ್ಮ ನೀರಲ್ಲಿ ಕಮ್ಮಿ, ದಡದ ಮಣ್ಣಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ, ದೇಶದ ಎಷ್ಟೋ ಕೆರೆ ನದಿಗಳಲ್ಲಿ ಈಗ ಇದೇ ತುಂಬಿದೆ, ಬಲೆ ಹಾಕಿದ್ರೆ ಊರ ಮೀನಿನ ಬದಲು ಇದು ಬರುತ್ತೆ, ಬಲೆ ಹರಿಯುತ್ತೆ, ಕೊಳ್ಳೋರೂ ಇಲ್ಲ. ಮೀನು ಹಿಡಿಯೋರ ಹೊಟ್ಟೆ ಮೇಲೆ ಹೊಡೆದ ಹಾಗೆ. ಇದೆಲ್ಲಾ ಶುರುವಾದದ್ದು 'ಪಾಪ, ಬದುಕ್ಲಿ' ಅಂತ ಯಾರೋ ಬಿಟ್ಟ ಮೀನಿಂದಲೇ.

ಹತ್ತಿರದ ಅಕ್ವೇರಿಯಂ ಅಂಗಡಿಗೆ ಹೋಗಿ, ಫೋಟೋ ತೋರಿಸಿ ಕೇಳಿ. ದೊಡ್ಡ ಟ್ಯಾಂಕ್ ಇಟ್ಟಿರೋ ಗಿರಾಕಿಗಳು ಯಾರು ಅಂತ ಅವರಿಗೆ ಗೊತ್ತಿರುತ್ತೆ, ಆಸ್ಕರಿಗಂತೂ ಮನೆ ಸಿಗುತ್ತೆ, ಸಕ್ಕರಿಗೆ ಸ್ವಲ್ಪ ದಿನ ಹಿಡೀಬಹುದು, ಅದಕ್ಕೇ ಹೊರಡೋ ಹಿಂದಿನ ದಿನಕ್ಕೆ ಇಟ್ಕೋಬೇಡಿ. ದುಡ್ಡು ಕೇಳಬೇಡಿ, ನಿಮ್ಮ ಫಿಲ್ಟರೂ ಜೊತೆಗೆ ಕೊಟ್ಟುಬಿಡಿ. ಒಯ್ಯೋ ಹಿಂದಿನ ದಿನ ಊಟ ಹಾಕಬೇಡಿ, ಮುಚ್ಚಳ ಇರೋ 20 ಲೀಟರ್ ಬಕೆಟ್ಟಲ್ಲಿ ಅರ್ಧ ಟ್ಯಾಂಕಿನದೇ ನೀರು ತುಂಬಿ, ಒಂದರಲ್ಲಿ ಒಂದೇ ಮೀನು, ಮುಚ್ಚಳಕ್ಕೆ ನಾಲ್ಕು ತೂತು. ರಿಕ್ಷಾದಲ್ಲಿ ಹೋಗೋವಾಗ ಮುಚ್ಚಳದ ಮೇಲೆ ಕೈ ಇರ್ಲಿ, ಆಸ್ಕರ್ ಹಾರುತ್ತೆ.